ಗುತ್ತು–ಬೀಡುಗಳ ಹಿತ್ತಿಲ ಪುರಾತತ್ತ್ವ

ಉಡುಪಿ, ಕಾಪು, ಕಾರ್ಕಳ ಸೀಮೆಯ ಗುತ್ತು, ಬೀಡು (ಹಳೆಯ ಪ್ರತಿಷ್ಠಿತ ಮನೆತನಗಳ ಮನೆಗಳು), ಅರಮನೆಗಳ ಸುತ್ತ ಉಳಿದಿರುವ ಅಗಳು (ಕಂದಕ), ದರೆ (ಮಣ್ಣಿನ ದಿಬ್ಬ), ಕೆರೆ, ಮದಗ (ಗದ್ದೆಗೆ ನೀರುಣಿಸುವ ಕೆರೆ) ಮತ್ತು ಗದ್ದೆಯ ಮಟ್ಟಗಳಿಂದ ಇತಿಹಾಸವನ್ನು ಗುರುತಿಸುವ ಅಧ್ಯಯನ.

ಹಿನ್ನೆಲೆ

ನೆಲದ ಉಬ್ಬುತಗ್ಗುಗಳನ್ನು ಅಳೆದು, ಅಗೆಯದೆಯೇ ಹಳೆಯ ಉದ್ಯಾನಗಳನ್ನು ಪತ್ತೆಹಚ್ಚುವ ಪದ್ಧತಿ ಇಂಗ್ಲೆಂಡಿನಲ್ಲಿ ಬೆಳೆಯಿತು. ಕ್ರಿಸ್ಟೋಫರ್ ಟೇಲರ್ ಅವರ ‘ದಿ ಆರ್ಕಿಯಾಲಜಿ ಆಫ್ ಗಾರ್ಡನ್ಸ್’ (1983) ಈ ಕ್ಷೇತ್ರದ ಆರಂಭಿಕ ಕೃತಿಗಳಲ್ಲಿ ಒಂದು. ಅಗೆದು ನೋಡುವ ದಾರಿಗೆ ಭಾರತದಲ್ಲಿ ಉದಾಹರಣೆಯಿದೆ: 1990ರ ದಶಕದಲ್ಲಿ ಆಗ್ರಾದ ಮೆಹ್ತಾಬ್ ಬಾಗ್‌ನಲ್ಲಿ ನಡೆದ ಉತ್ಖನನದಿಂದ ಎಂಟು ಮೂಲೆಯ ಕೊಳ ಬೆಳಕಿಗೆ ಬಂದು, ಆ ತೋಟ ತಾಜಮಹಲಿನ ಯೋಜನೆಯ ಭಾಗವೆಂಬ ಅಭಿಪ್ರಾಯಕ್ಕೆ ಬಲ ಬಂತು.

ಉಡುಪಿ, ಕಾಪು, ಕಾರ್ಕಳ ಸೀಮೆಯನ್ನೊಳಗೊಂಡ ತುಳುನಾಡಿನ ಚರಿತ್ರೆಯ ಅಧ್ಯಯನ ಮೊದಲು ಶಾಸನ, ದೇವಾಲಯ, ಶಿಲ್ಪಗಳ ಮೇಲೆ ನಿಂತಿತು. ಚರಿತ್ರೆಕಾರರಾದ ಕೆ. ವಿ. ರಮೇಶ್ (1970) ಮತ್ತು ಪಿ. ಗುರುರಾಜ ಭಟ್ (1975) ಅವರ ಗ್ರಂಥಗಳು ಅದಕ್ಕೆ ತಳಹದಿ. ಆಳುಪ ಅರಸರ ರಾಜಧಾನಿಯಾಗಿ, ಮುಂದೆ ವಿಜಯನಗರದ ಬಾರಕೂರು ರಾಜ್ಯದ ಕೇಂದ್ರವಾಗಿ ಮೆರೆದ ಬಾರ್ಕೂರಿನ ಕೋಟೆಯ ಅವಶೇಷಗಳಂತೆಯೇ ಮನೆತನಗಳ ಹಿತ್ತಿಲೂ ಚರಿತ್ರೆಯ ಆಕರವೇ.

ನೆಲದ ಸಾಕ್ಷ್ಯ

ಇಲ್ಲಿನ ಭೂಮಿ ಎತ್ತರದ ಬೆಟ್ಟು, ನಡುವಣ ಮಜಲು, ತಗ್ಗಿನ ಬೈಲು ಎಂದು ಮಟ್ಟಗಳಾಗಿ ಇಳಿಯುತ್ತದೆ. ಮನೆ ಯಾವ ಮಟ್ಟದಲ್ಲಿದೆ, ಮದಗದ ನೀರು ಮೊದಲು ಯಾರ ಗದ್ದೆಗೆ ಹರಿಯುತ್ತದೆ ಎಂಬುದು ಆ ಮನೆಯ ಅಧಿಕಾರದ ಸುಳಿವು. ಅಗಳು ಗದ್ದೆಯ ಅಂಚನ್ನು ಕಡಿದುಕೊಂಡು ಹೋಗಿದ್ದರೆ ಗದ್ದೆ ಹಳೆಯದು. ಗದ್ದೆಯ ಪುಣಿ (ಬದು) ಮುಚ್ಚಿದ ಅಗಳಿನ ಮೇಲೆ ಹಾದಿದ್ದರೆ ಅಗಳು ಹಳೆಯದು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಈ ನೆಲದಲ್ಲಿ ಅಗಳು ಬೇಗ ಹೂಳುತ್ತದೆ. ಆ ಹೂಳನ್ನು ಮತ್ತೆ ಮತ್ತೆ ಎತ್ತಿ ಹಾಕಿದ ದರೆಯಲ್ಲಿ ಪದರಗಳು ಕಟ್ಟುತ್ತವೆ. ಅವುಗಳಲ್ಲಿ ಸಿಗುವ ಮಡಕೆ ಚೂರು, ಹೆಂಚಿನ ತುಂಡುಗಳು ಕಾಲನಿರ್ಣಯಕ್ಕೆ ನೆರವಾಗುತ್ತವೆ.

ಕೆರೆಯಂತೆ ಕಾಣುವ ಹೊಂಡ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೋರೆಯೂ ಆಗಿರಬಹುದು. ಬದಿಯಲ್ಲಿ ಕಲ್ಲಿನ ಅಳತೆಗೆ ಕಡಿದ ಗುರುತಿದ್ದು, ಮನೆಯ ಗೋಡೆಯ ಕಲ್ಲೂ ಅಲ್ಲಿನದೇ ಆಗಿದ್ದರೆ, ಹೊಂಡ ಮನೆ ಕಟ್ಟುವಾಗ ಆದದ್ದೆಂದು ಊಹಿಸಬಹುದು. ಕಡಿಯದೆ, ಅಗೆಯದೆ ಕಾಪಾಡಿದ ನಾಗಬನ (ನಾಗನಿಗೆ ಮೀಸಲಾದ ತೋಪು) ಹಳೆಯ ನೆಲಮಟ್ಟವನ್ನು ಉಳಿಸಿಕೊಂಡಿರುವ ಸಾಧ್ಯತೆ ಹೆಚ್ಚು. ಬನಕ್ಕೆ ಕೈಹಚ್ಚದೆ ಹೊರಗಿನಿಂದಲೇ ಆ ಮಟ್ಟವನ್ನು ಅಳೆದುಕೊಳ್ಳಬೇಕು. ಕಾರ್ಕಳದ ಆನೆಕೆರೆಯಂಥ ದೊಡ್ಡ ಕೆರೆಯ ತಳದಲ್ಲಿ ಕದಡದೆ ಉಳಿದ ಹೂಳಿಗೂ ಸಾಕ್ಷ್ಯವಾಗಿ ಇಂಥದೇ ಬೆಲೆಯಿದೆ.

ಬದಲಾವಣೆ ಮತ್ತು ಸಂರಕ್ಷಣೆ

1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು. ದೊಡ್ಡ ಹಿಡುವಳಿಗಳು ಹಂಚಿಹೋಗಿ ಹೊಸ ಗಡಿಗಳು ಮೂಡಿದವು. ಈ ಗಡಿಗಳೂ ಚರಿತ್ರೆಯ ಒಂದು ಪದರವೆಂದೇ ದಾಖಲಾಗಬೇಕು. ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ರೂಪಿಸಿದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮೂಲ ಸ್ಥಳದಿಂದ ಬಿಚ್ಚಿ ತಂದ ಕುಂಜೂರು ಚೌಕಿಮನೆ, ಮೀಯಾರು ಮನೆಗಳು ಮರುಜನ್ಮ ಪಡೆದಿವೆ. ಮನೆಯನ್ನು ಬಿಚ್ಚಿ ಬೇರೆಡೆ ಕಟ್ಟಬಹುದು. ಅದರ ಅಗಳು, ಕೆರೆ, ಗದ್ದೆಯ ಮಟ್ಟಗಳನ್ನು ಒಯ್ಯಲಾಗದು. ಆದ್ದರಿಂದ ಮನೆ ಬಿಚ್ಚುವ ಅಥವಾ ಯಂತ್ರದಿಂದ ನೆಲ ಸಮತಟ್ಟು ಮಾಡುವ ಮುನ್ನ ಮಟ್ಟಗಳ ನಕ್ಷೆ ಬರೆದು, ಸರ್ವೆ ದಾಖಲೆಗಳೊಂದಿಗೆ ಹೋಲಿಸಿ, ಅಲ್ಲಿ ದುಡಿದ ಹಿರಿಯರ ನೆನಪನ್ನು ಬರೆದಿಡುವುದು ಸಂರಕ್ಷಣೆಯ ಮೊದಲ ಕೆಲಸವಾಗಬೇಕು.