ಹೌಜ್ ಖಾಸ್: ಆಳುವವರ ಅನ್ನ ಉಂಡವರು

ದಿಲ್ಲಿಯ ಹೌಜ್ ಖಾಸ್‌ಗೆ ಈಗ ಹೋಗುವವರಲ್ಲಿ ಹೆಚ್ಚಿನವರು ಕಾಫಿ ಕುಡಿಯಲು, ಬಟ್ಟೆ ಕೊಳ್ಳಲು, ಫೋಟೊ ತೆಗೆಸಿಕೊಳ್ಳಲು ಹೋಗುತ್ತಾರೆ. ಅಲ್ಲಿನ ಕೆರೆ ಅಲ್ಲಾವುದ್ದೀನ್ ಖಿಲ್ಜಿ ಸಿರಿ ಕೋಟೆಯ ನೀರಿಗೆಂದು ತೋಡಿಸಿದ್ದು. ಮುಂದೆ ಅದು ಹೂಳು ತುಂಬಿ ಬತ್ತಿತ್ತು. ಫಿರೋಜ್ ಷಾ ತುಘಲಕ್ ಹೂಳೆತ್ತಿಸಿ, 1352ರಲ್ಲಿ ಅದರ ದಂಡೆಯ ಮೇಲೆ ಒಂದು ಮದರಸಾ ಕಟ್ಟಿಸಿದ. ನೀರಿನ ಕಡೆಗೆ ಎರಡು ಅಂತಸ್ತು, ಗೋಡೆಯೊಳಗೆ ಪುಸ್ತಕ ಇಡುವ ಗೂಡುಗಳು. ಕಟ್ಟಡದ ಎರಡು ತೋಳುಗಳು ಕೂಡುವ ಮೂಲೆಯಲ್ಲಿ ಅರಸನದೇ ಗೋರಿ. ಯಾರ ಕೃಪೆಯಿಂದ ಓದು ನಡೆಯುತ್ತಿದೆ ಎಂಬುದನ್ನು ವಿದ್ಯಾರ್ಥಿಗಳು ಮರೆಯುವಂತಿರಲಿಲ್ಲ.

ಒಳಗಿದ್ದವರ ಬದುಕು ಸುಖದ್ದಾಗಿತ್ತು. ಮುತಹ್ಹರ್ ಎಂಬ ಕವಿ ಅದನ್ನು ಬಾಯಿ ಚಪ್ಪರಿಸುವಂತೆ ವರ್ಣಿಸಿದ್ದಾನೆ: ಶಿರಾಜ್, ಯೆಮನ್, ದಮಾಸ್ಕಸ್‌ಗಳ ಜಮಖಾನೆ, ಊಟಕ್ಕೆ ಕೌಜುಗ, ಮೀನು, ಹುರಿದ ಕೋಳಿ, ಕುಡಿಯಲು ದಾಳಿಂಬೆಯ ಪಾನಕ, ಕೊನೆಗೆ ಬೆಳ್ಳಿ ಬಂಗಾರದ ತಟ್ಟೆಯಲ್ಲಿ ಅಡಿಕೆ. ಇದರಲ್ಲಿ ಒಂದಿಷ್ಟು ಉಪ್ಪು ಖಾರ ಬೆರೆತಿದ್ದರೆ ಆಶ್ಚರ್ಯವಿಲ್ಲ. ಮುತಹ್ಹರನೂ ಫಿರೋಜನನ್ನು ಹೊಗಳಿ ಬಾಳಿದವನೇ.

ಇದೇ ಮದರಸಾವನ್ನು ಇನ್ನೊಬ್ಬನೂ ಹೊಗಳಿದ್ದಾನೆ. ಆದರೆ ಅವನಿಗೆ ಆ ಪಂಕ್ತಿಯಲ್ಲಿ ಎಲೆ ಬೀಳಲಿಲ್ಲ. ಅವನು ಜಿಯಾವುದ್ದೀನ್ ಬರನಿ. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕ ಓದಿದವರಿಗೆ, ನೋಡಿದವರಿಗೆ ಅವನು ಸುಲ್ತಾನನ ಪಕ್ಕದಲ್ಲಿ ನಿಂತ ಮೃದು ಮನಸ್ಸಿನ ಚರಿತ್ರಕಾರ. ಚರಿತ್ರೆಯ ಬರನಿ ಅಷ್ಟು ಸರಳನಲ್ಲ. ಹುಟ್ಟಿನಿಂದ ಕೀಳೆಂದು ತಾನು ತಿಳಿದವರು ಅಧಿಕಾರಕ್ಕೆ ಬರುವುದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಮುಹಮ್ಮದ್ ಬಿನ್ ತುಘಲಕನ ಆಸ್ಥಾನದಲ್ಲಿ ಹದಿನೇಳು ವರ್ಷ ಸುಲ್ತಾನನ ಒಡನಾಡಿಯಾಗಿದ್ದ. ದಂಗೆಗಳು ಒಂದರ ಹಿಂದೊಂದು ಏಳುತ್ತಿದ್ದಾಗ, ಹಿಂದಿನ ಅರಸರು ಯಾವ ಯಾವ ಅಪರಾಧಕ್ಕೆ ಮರಣದಂಡನೆ ಕೊಡುತ್ತಿದ್ದರೆಂದು ಸುಲ್ತಾನ ಅವನನ್ನೇ ಕೇಳಿದ. ಬರನಿ ಹಳೆಯ ಪರ್ಷಿಯದ ಅರಸರ ಉದಾಹರಣೆ ಕೊಟ್ಟು ಪಾರಾದ. ನಿನ್ನ ಕ್ರೌರ್ಯವೇ ಈ ದಂಗೆಗಳಿಗೆ ಕಾರಣ ಎಂಬ ಮಾತು ಗಂಟಲಿಗೆ ಬಂದರೂ ಆಡಲಿಲ್ಲ.

1351ರಲ್ಲಿ ಸುಲ್ತಾನ ಸತ್ತ. ದಿಲ್ಲಿಯಲ್ಲಿ ವಜೀರ ಖ್ವಾಜಾ ಜಹಾನ್ ಒಬ್ಬ ಹುಡುಗನನ್ನು ಪಟ್ಟಕ್ಕೇರಿಸಿದ, ಸೈನ್ಯ ಫಿರೋಜನನ್ನು ಆರಿಸಿತು. ಬರನಿ ಸೋತ ಕಡೆಯಲ್ಲಿದ್ದನೆನ್ನುತ್ತಾರೆ. ಭಟ್ನೇರ್ ಕೋಟೆಯಲ್ಲಿ ತಿಂಗಳುಗಟ್ಟಲೆ ಬಂಧನ, ಆಮೇಲೆ ಬಡತನ. ಎಪ್ಪತ್ತು ದಾಟಿದ ಮೇಲೆ, 1357ರಲ್ಲಿ, ‘ತಾರೀಖ್-ಎ-ಫಿರೋಜ್‌ಶಾಹಿ’ ಮುಗಿಸಿದ. ಮತ್ತೆ ಆಸ್ಥಾನಕ್ಕೆ ಕರೆ ಬಂದೀತೆಂಬ ಆಸೆಯಿಂದ ಫಿರೋಜನನ್ನೂ ಮದರಸಾವನ್ನೂ ಹಾಡಿ ಹೊಗಳಿದ. ಅದೇ ಪುಸ್ತಕದಲ್ಲಿ, ತಾನೂ ತನ್ನಂಥ ವಿದ್ವಾಂಸರೂ ಲೋಭಕ್ಕೆ, ಜೀವಭಯಕ್ಕೆ ಸುಲ್ತಾನನೆದುರು ಸತ್ಯ ಮುಚ್ಚಿಟ್ಟೆವೆಂದೂ ಬರೆದ. ಸತ್ತಾಗ ಅವನ ಶವದ ಮೇಲೆ ಒರಟು ಚಾಪೆಯ ಹೊದಿಕೆಯಷ್ಟೇ ಇತ್ತಂತೆ.

ಇಪ್ಪತ್ತನೆಯ ಶತಮಾನದಲ್ಲಿ ಹೌಜ್ ಖಾಸ್ ಬಡಾವಣೆಯಾಗಿ ಬೆಳೆಯಿತು. ಅದರ ಕೆ-25ನೆಯ ಮನೆಯಲ್ಲಿ ದಶಕಗಳ ಕಾಲ ಪಂಜಾಬಿ ಲೇಖಕಿ ಅಮೃತಾ ಪ್ರೀತಂ ಇದ್ದರು. ಸಂಗಾತಿ, ಚಿತ್ರಕಾರ ಇಮ್ರೋಜ್ ಜೊತೆ ‘ನಾಗಮಣಿ’ ಪತ್ರಿಕೆ ನಡೆಸಿದರು. ಆಳುವವರ ಆದರ ಈ ಸಲ ದೂರದಿಂದ ಬಂತು: ಸೋವಿಯತ್ ಒಕ್ಕೂಟಕ್ಕೂ ಪೂರ್ವ ಯುರೋಪಿಗೂ ಅವರಿಗೆ ಮತ್ತೆ ಮತ್ತೆ ಆಹ್ವಾನ ಬರುತ್ತಿತ್ತು. ಬಲ್ಗೇರಿಯ ಪ್ರಶಸ್ತಿಯನ್ನೂ ಕೊಟ್ಟಿತು. ತಾಷ್ಕೆಂಟಿನ ಉಜ್ಬೆಕ್ ಕವಯಿತ್ರಿ ಜುಲ್ಫಿಯಾ ಅವರಿಗೆ ಗೆಳತಿಯಾದರು.

ಜುಲ್ಫಿಯಾ ನಿಂತಿದ್ದ ನೆಲದ ಕಥೆ ಬೇರೆ. 1938ರ ಅಕ್ಟೋಬರ್ 4ರಂದು ಉಜ್ಬೆಕ್ ಸಾಹಿತ್ಯದ ಮೂವರು ಹಿರಿಯರಾದ ಅಬ್ದುಲ್ಲಾ ಕಾದಿರಿ, ಚೋಲ್ಪಾನ್, ಫಿತ್ರತ್ ಅವರನ್ನು ಸೋವಿಯತ್ ಆಡಳಿತ ಗುಂಡಿಕ್ಕಿ ಕೊಂದಿತು. ಆಗ ಜುಲ್ಫಿಯಾಗೆ ಇಪ್ಪತ್ಮೂರು. ಅವರ ಗಂಡ, ಕವಿ ಹಮೀದ್ ಆಲಿಮ್‌ಜಾನ್, ಮುಂದೆ ಅಲ್ಲಿನ ಲೇಖಕರ ಸಂಘದ ಮುಖ್ಯಸ್ಥರಾಗಿ 1944ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಜುಲ್ಫಿಯಾ ಆ ವಿರಹವನ್ನೇ ಬರೆದರು. ಜೊತೆಗೆ ಶಾಂತಿಯನ್ನು, ಹೊಸ ಕಾಲದ ಹೆಣ್ಣನ್ನು ಬರೆದರು. ದೀರ್ಘ ಕಾಲ ಮಹಿಳಾ ಪತ್ರಿಕೆಯ ಸಂಪಾದಕಿಯಾಗಿದ್ದರು. ಸ್ವಂತ ದುಃಖವನ್ನು ಬರೆಯಲು ಯಾರ ಅಡ್ಡಿಯೂ ಇರಲಿಲ್ಲ. ಆ ಮೂವರನ್ನು ಕುರಿತು ಬಹುಕಾಲ ಬರೆಯುವಂತಿರಲಿಲ್ಲ.

1934ರಲ್ಲಿ ಮೊದಲ ಸಮಾವೇಶ ನಡೆಸಿದ ಸೋವಿಯತ್ ಲೇಖಕರ ಸಂಘದ ಕೈಯಲ್ಲಿ ಮನೆ, ಆರೋಗ್ಯಧಾಮ, ಪುಸ್ತಕ ಪ್ರಕಟಣೆ ಎಲ್ಲವೂ ಇದ್ದವು. ಫಿರೋಜನ ಪಾಕಶಾಲೆಯನ್ನು ಮೀರಿಸಿದ ವ್ಯವಸ್ಥೆ ಅದು. ಸಂಘದಿಂದ ಹೊರಬಿದ್ದರೆ ಹೊಟ್ಟೆಗೂ ಕಷ್ಟ. ಹಾಗಾಗಿ ಲೇಖಕರು ಒಳದಾರಿಗಳನ್ನು ಹುಡುಕಿಕೊಂಡರು. ತಮ್ಮದು ಅಚ್ಚಾಗದ ಕಾಲದಲ್ಲಿ ರಷ್ಯನ್ ಕವಿಗಳಾದ ಪಾಸ್ತರ್ನಾಕ್, ಅಖ್ಮತೋವಾ ಅನುವಾದ ಮಾಡಿ ಬದುಕಿದರು. ಕೆಲವರು ಮಕ್ಕಳಿಗೆ ಬರೆದರು. ಕೆಲವರು ಬರೆದು ಮೇಜಿನ ಒಳಗಿಟ್ಟರು.

ಇಂಥ ವ್ಯವಸ್ಥೆಯನ್ನು ಹತ್ತಿರದಿಂದ ಕಂಡ ದಿಲ್ಲಿಯ ಹಿಂದಿ ಲೇಖಕರೆಂದರೆ ನಿರ್ಮಲ್ ವರ್ಮಾ. ಹಂಗೆರಿಯ ಮೇಲೆ 1956ರಲ್ಲಿ ಸೋವಿಯತ್ ಟ್ಯಾಂಕುಗಳು ನುಗ್ಗಿದ ಮೇಲೆ ಅವರು ಕಮ್ಯುನಿಸ್ಟ್ ಪಕ್ಷ ಬಿಟ್ಟಿದ್ದರು. ಆದರೂ 1959ರಲ್ಲಿ ಪ್ರಾಗ್‌ಗೆ ಹೋಗಿ, ಚೆಕ್ ಕಲಿತು, ಅಲ್ಲಿನ ಕತೆ ಕಾದಂಬರಿಗಳನ್ನು ನೇರವಾಗಿ ಹಿಂದಿಗೆ ತಂದರು. 1968ರ ಆಗಸ್ಟ್‌ನಲ್ಲಿ ಟ್ಯಾಂಕುಗಳು ಪ್ರಾಗ್‌ಗೂ ಬಂದವು. ಅವರು ಅನುವಾದಿಸಿದ್ದ ಚೆಕ್ ಲೇಖಕ ಮಿಲನ್ ಕುಂದೇರಾ ಅವರ ಪುಸ್ತಕಗಳು ಅಲ್ಲಿನ ಗ್ರಂಥಾಲಯಗಳಿಂದ ಮಾಯವಾದವು. ಅಲ್ಲಿನ ಲೇಖಕ ಲುಡ್ವಿಕ್ ವಾಕುಲಿಕ್ ನಿಷಿದ್ಧ ಕೃತಿಗಳನ್ನು ಕಾರ್ಬನ್ ಕಾಗದವಿಟ್ಟು ಟೈಪ್ ಮಾಡಿಸಿ ಕೈಯಿಂದ ಕೈಗೆ ಹಂಚಿಸಿದರು.

ಇವೆಲ್ಲ ಕರ್ನಾಟಕಕ್ಕೆ ಮುಟ್ಟುತ್ತಿದ್ದುದು ಕಡಿಮೆ. ನಮಗೆ ಬರುತ್ತಿದ್ದುದು ‘ಸೋವಿಯತ್ ಲ್ಯಾಂಡ್’ ಪತ್ರಿಕೆ. ಅದರ ನುಣುಪು ಹಾಳೆ ಶಾಲೆಯ ಪುಸ್ತಕಗಳಿಗೆ ಹೇಳಿ ಮಾಡಿಸಿದ ರಟ್ಟು. ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರಿಗೆ ಅದೇ ಹೆಸರಿನ ನೆಹರೂ ಪ್ರಶಸ್ತಿಯೂ ಬಂತು. ಪ್ರಶಸ್ತಿ ಪಡೆದವರನ್ನು ಹಂಗಿಸುವುದು ಸಲ್ಲ; ಸಮಾನತೆಯ ಕನಸು ಅವರದು, ಪ್ರಾಮಾಣಿಕವಾದದ್ದೇ. ಆದರೆ ಆ ಹೊಳಪಿನ ಹಾಳೆಗಳಲ್ಲಿ ಕಾದಿರಿ, ಚೋಲ್ಪಾನರ ಸಾವನ್ನು ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಅಮೃತಾ 2005ರಲ್ಲಿ ತೀರಿಕೊಂಡರು. ಕೆ-25ನ್ನು 2011ರಲ್ಲಿ ಕೆಡವಲಾಯಿತು. ಆದರೆ ಬರನಿಯ ಪುಸ್ತಕ ಉಳಿಯಿತು; ಅದನ್ನು ಸರ್ ಸಯ್ಯದ್ ಅಹ್ಮದ್ ಖಾನ್ ಸಂಪಾದಿಸಿದರು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ 1862ರಲ್ಲಿ ಪ್ರಕಟಿಸಿತು. ಅದರ ಹೊಗಳಿಕೆಯ ಪುಟಗಳನ್ನು ವಿದ್ವಾಂಸರು ಅನುಮಾನದಿಂದಲೇ ಓದುತ್ತಾರೆ. ಬರನಿ ತನ್ನ ಹೇಡಿತನವನ್ನು ತಾನೇ ಬರೆದುಕೊಂಡ ಪುಟಗಳನ್ನು ಮಾತ್ರ ನಂಬುತ್ತಾರೆ.