ಲೂಪಿನೊಳಗೆ ಉಳಿದುಬಂದ ನೆನಪು

ಹುಡುಕಬೇಕಾದ ಪ್ಯಾಟರ್ನ್ ಅನ್ನು ಬರೆದಿಡುವ ಸಂಕೇತವಾದ ರೆಗ್ಯುಲರ್ ಎಕ್ಸ್‌ಪ್ರೆಶನ್ ಹುಟ್ಟಿದ್ದು ಕಂಪ್ಯೂಟರಿಗಾಗಿ ಅಲ್ಲ. ನರಕೋಶಗಳ ಗಣಿತ ಮಾದರಿಯನ್ನು ಪರಿಶೀಲಿಸುತ್ತಿದ್ದ ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೇನಿ 1951ರಲ್ಲಿ ಅದನ್ನು ರೂಪಿಸಿದರು. ಬರಹ ಅಚ್ಚಾದದ್ದು 1956ರಲ್ಲಿ. ಈ ಗಣಿತದಲ್ಲಿ ನೆನಪಿಗೆ ಜಾಗವಿರಲಿಲ್ಲ. ಕೊಟ್ಟ ಅಕ್ಷರಸಾಲು ಪ್ಯಾಟರ್ನ್‌ಗೆ ಹೊಂದುತ್ತದೆ, ಇಲ್ಲವೇ ಹೊಂದುವುದಿಲ್ಲ. ಹಿಂದೆ ಏನನ್ನು ಹುಡುಕಿದ್ದರು ಎಂಬ ಪ್ರಶ್ನೆಯೇ ಏಳುವುದಿಲ್ಲ. 1968ರಲ್ಲಿ ಕೆನ್ ಥಾಂಪ್ಸನ್ ಪಠ್ಯ ಹುಡುಕಲು ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸುವ ವಿಧಾನ ಪ್ರಕಟಿಸಿದರು.

ನೆನಪು ಸೇರಿಕೊಂಡದ್ದು ಎಡಿಟರ್‌ಗಳಲ್ಲಿ. ಯುನಿಕ್ಸ್‌ನ 'ಇಡಿ'ಯಲ್ಲಿ ಎರಡು ಓರೆಗೆರೆಗಳ ನಡುವೆ ಏನೂ ಬರೆಯದಿದ್ದರೆ ಹಿಂದಿನ ಪ್ಯಾಟರ್ನ್ ಎಂದೇ ಅರ್ಥ. ಟೆಲಿಟೈಪ್ ಕುಟ್ಟುತ್ತಿದ್ದವರಿಗೆ ಇದು ದೊಡ್ಡ ಅನುಕೂಲವೇ. 1987ರಲ್ಲಿ ಲ್ಯಾರಿ ವಾಲ್ ಹೊರತಂದ ಪರ್ಲ್ ಭಾಷೆಗೂ ಈ ರೂಢಿ ಬಂತು: ಖಾಲಿ ಪ್ಯಾಟರ್ನ್ ಎಂದರೆ ಕೊನೆಯದಾಗಿ ಹೊಂದಿದ ಪ್ಯಾಟರ್ನ್. ಲೂಪಿನ ಯಾವುದೋ ಸುತ್ತಿನಲ್ಲಿ ಪ್ಯಾಟರ್ನ್ ಇಟ್ಟ ವೇರಿಯಬಲ್ ಖಾಲಿಯಾದರೆ ಸ್ಕ್ರಿಪ್ಟ್ ಸದ್ದಿಲ್ಲದೆ ಬೇರೇನನ್ನೋ ಹುಡುಕತೊಡಗುತ್ತದೆ. ಪರ್ಲ್‌ನಲ್ಲಿ ಹುಡುಕಾಟ ಸೋತಾಗ, ಹಿಡಿದಿಟ್ಟ ತುಣುಕುಗಳು ಅಳಿಸಿಹೋಗುವುದೂ ಇಲ್ಲ. ಒಂದೇ ಸುತ್ತಿನಲ್ಲಿ ಎರಡು ಬಾರಿ ಹುಡುಕಿ, ಎರಡನೆಯದು ಸೋತರೂ ಮೊದಲ ತುಣುಕನ್ನು ಇಡುವ 'ಡಾಲರ್ 1'ರಲ್ಲಿ ಮೊದಲನೆಯದರ ಫಲ ಕೂತಿರುತ್ತದೆ. ಹೊಂದಿತೇ ಎಂದು 'ಇಫ್' ಹಾಕಿ ನೋಡದವರ ಕೈಗೆ ಸಿಗುವುದು ಆ ಹಳಸಲು.

ಅತಿ ಹೆಚ್ಚು ಕಾಡಿದ್ದು ಮಾತ್ರ ಜಾವಾಸ್ಕ್ರಿಪ್ಟ್. ಆ ಭಾಷೆಯ ಇಸಿಎಂಎ ಮಾನದಂಡದ 1999ರ ಮೂರನೆಯ ಆವೃತ್ತಿಯ ಪ್ರಕಾರ, ಹೊಂದುವ ಎಲ್ಲವನ್ನೂ ಹುಡುಕಲು ಹಾಕುವ 'ಜಿ' ಗುರುತಿನ ರೆಗ್ಯುಲರ್ ಎಕ್ಸ್‌ಪ್ರೆಶನ್ ತಾನು ನಿಲ್ಲಿಸಿದ ಜಾಗವನ್ನು 'ಲಾಸ್ಟ್‌ಇಂಡೆಕ್ಸ್'ನಲ್ಲಿ ಬರೆದಿಡುತ್ತದೆ. ಸಾಲು ಬದಲಾದರೂ ಆ ಅಂಕಿ ಬದಲಾಗದು. ವಿಳಾಸಗಳ ಪಟ್ಟಿಯಲ್ಲಿ ಪಿನ್‌ಕೋಡ್ ಹುಡುಕುವಾಗ ಮೊದಲ ವಿಳಾಸದ ಕೊನೆಯಲ್ಲಿ ಅದು ಸಿಕ್ಕರೆ, ಎರಡನೆಯ ವಿಳಾಸದ ಹುಡುಕಾಟ ಅಷ್ಟೇ ದೂರದಿಂದ ಶುರು. ಅದರ ಆರಂಭದಲ್ಲೇ ಇರುವ ಪಿನ್‌ಕೋಡ್ ಕಾಣದೆ ಹೋಗುತ್ತದೆ. ಸೋತೊಡನೆ ಅಂಕಿ ಸೊನ್ನೆಗೆ ಮರಳುವುದರಿಂದ ಮೂರನೆಯದು ಮತ್ತೆ ಸರಿ. ಒಂದು ಬಿಟ್ಟು ಒಂದು ತಪ್ಪುವ ಈ ಲಕ್ಷಣವೇ ರೋಗದ ಗುರುತು. ಪ್ರತಿ ಸುತ್ತಿನಲ್ಲೂ ಲಾಸ್ಟ್‌ಇಂಡೆಕ್ಸ್ ಮುದ್ರಿಸಿ ನೋಡಿದರೆ ಅನುಮಾನ ಉಳಿಯದು. ಬರೀ ಇದೆಯೋ ಇಲ್ಲವೋ ಎಂದು ತಿಳಿಯಲು 'ಜಿ' ಬೇಕಾಗಿಯೇ ಇಲ್ಲ.

ಪ್ಯಾಟರ್ನ್ ಅನ್ನು ಲೂಪಿನೊಳಗೇ ಬರೆದರೂ ಆಗ ಪಾರಾಗುವಂತಿರಲಿಲ್ಲ. ಅಲ್ಲಿ ಬರೆದದ್ದಕ್ಕೂ ಎಲ್ಲ ಸುತ್ತುಗಳಲ್ಲಿ ಒಂದೇ ವಸ್ತು ಬಳಕೆಯಾಗುತ್ತಿತ್ತು. 2009ರ ಐದನೆಯ ಆವೃತ್ತಿ ಪ್ರತಿ ಸಲವೂ ಹೊಸ ವಸ್ತು ಹುಟ್ಟುವಂತೆ ನಿಯಮ ತಿದ್ದಿತು. ಲೂಪಿನ ಹೊರಗೆ ಇಟ್ಟ ಪ್ಯಾಟರ್ನ್ ಇಂದಿಗೂ ಹಾಗೆಯೇ ಇದೆ. ಪೈಥಾನ್ ಈ ಗೋಜಿಗೇ ಹೋಗಿಲ್ಲ. ಪ್ರತಿ ಹುಡುಕಾಟವೂ ತನ್ನದೇ ಫಲವನ್ನು ಕೊಡುತ್ತದೆ, ಸೋತರೆ ಏನೂ ಇಲ್ಲವೆಂದು ಹೇಳುವ 'ನನ್'. 2020ರಲ್ಲಿ ಜಾವಾಸ್ಕ್ರಿಪ್ಟ್‌ಗೆ ಸೇರಿದ 'ಮ್ಯಾಚ್‌ಆಲ್' ಪ್ಯಾಟರ್ನ್‌ನ ಒಂದು ನಕಲನ್ನು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡುತ್ತದೆ. ಮೂಲದ ಲಾಸ್ಟ್‌ಇಂಡೆಕ್ಸ್ ಇದ್ದಂತೆಯೇ ಇರುತ್ತದೆ.