ನೀಲ, ಉಷಾ, ಅಮ್ಮ... ಪಂಢರೀಬಾಯಿ

ಕಳೆದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಮಾಡೋಕೆ ಬೇರೆ ಕೆಲಸ ಇಲ್ಲದೆ ಲ್ಯಾಪ್‌ಟಾಪಲ್ಲಿ 'ಅನುರಾಗ ಅರಳಿತು' ಹಾಕ್ಕೊಂಡು ಕೂತಿದ್ದೆ. ನನ್ನ ರೂಂಮೇಟ್ ಮದುರೈ ಕಡೆಯವನು. ಬಟ್ಟೆ ಒಣಗಿಸಿ ಒಳಗೆ ಬಂದವನು ಪರದೆ ಕಡೆ ನೋಡಿ ಅಲ್ಲೇ ನಿಂತುಬಿಟ್ಟ.

"ಏಯ್, ಇವರು ನಮ್ಮ ರಜನಿಯ ಅಮ್ಮ ಅಲ್ವಾ? ನಿಮ್ಮ ಪಿಕ್ಚರಲ್ಲಿ ಏನ್ ಮಾಡ್ತಿದಾರೆ?"

ಅವನು ಹೇಳ್ತಿದ್ದಿದ್ದು 1992ರ 'ಮನ್ನನ್' ಬಗ್ಗೆ. ಕಾಯಿಲೆ ಬಿದ್ದ ತಾಯಿಯನ್ನ ರಜನಿಕಾಂತ್ ಎತ್ತಿಕೊಂಡು ಹೋಗೋ ಆ ಹಾಡನ್ನ ತಮಿಳರು ಯಾರೂ ಮರೆಯಲ್ಲ. "ಗುರೂ, ಒರಿಜಿನಲ್ಲೇ ಇದು. 1986ರಲ್ಲಿ ಅಣ್ಣಾವ್ರ ಅಮ್ಮ, ಆರು ವರ್ಷ ಆದ್ಮೇಲೆ ನಿಮ್ಮ ರಜನಿಗೂ ಅಮ್ಮ. ಪಾತ್ರದ ಜೊತೆ ಅಮ್ಮನನ್ನೂ ನಮ್ಮಿಂದಲೇ ತಗೊಂಡು ಹೋದ್ರಿ" ಅಂದೆ. ಅವನು ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಸಂಜೆ ಕಾಫಿವರೆಗೂ ನಡೆಯಿತು ಜಗಳ :-)

ರಾತ್ರಿ ತಿಪಟೂರಿಗೆ ಅಜ್ಜಿಗೆ ಫೋನ್ ಮಾಡಿದಾಗ ಈ ಕಥೆ ಹೇಳಿದೆ. ಅಜ್ಜಿ ನಕ್ಕು, "ಥೂ ಹೋಗೋ, ಅಮ್ಮ ಅಂತೆ ಅಮ್ಮ! ಅವಳು ರಾಜ್‌ಕುಮಾರನ ಹೆಂಡ್ತಿ ಕಣೋ. ನೀಲ!" ಅಂದರು. ಒಂಬತ್ತು ವರ್ಷದ ಹುಡುಗಿಯಾಗಿ ಟೆಂಟ್‌ನಲ್ಲಿ ನೆಲದ ಮೇಲೆ ಕೂತು 'ಬೇಡರ ಕಣ್ಣಪ್ಪ' ನೋಡಿದ್ದರಂತೆ. ಕಣ್ಣಪ್ಪ ಕಣ್ಣು ಕೀಳುವಾಗ ಪಕ್ಕದಲ್ಲಿ ಕೂತಿದ್ದ ತಮ್ಮ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದು ಈಗಲೂ ನೆನಪಿದೆಯಂತೆ.

ಒಬ್ಬನಿಗೆ ಅಮ್ಮ, ಇನ್ನೊಬ್ಬರಿಗೆ ಹೆಂಡತಿ. ಫೋನ್ ಇಟ್ಟ ಮೇಲೆ ತಲೆಯಲ್ಲಿ ಅದೇ ಕೊರೆಯೋಕೆ ಶುರುವಾಯಿತು. ಅಣ್ಣಾವ್ರು 1954ರಲ್ಲೂ ಹೀರೋ, 1986ರಲ್ಲೂ ಹೀರೋ. ಆ ಮೂವತ್ತೆರಡು ವರ್ಷದಲ್ಲಿ ನೀಲ ಮಾತ್ರ ಹೇಗೆ ಅಮ್ಮನಾದಳು?

ಮೊದಲಿಂದ ಹೇಳ್ತೀನಿ.

ಪಂಢರೀಬಾಯಿ ಹುಟ್ಟಿದ್ದು ಭಟ್ಕಳದಲ್ಲಿ. ಆಗ ಭಟ್ಕಳ ಇದ್ದಿದ್ದು ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ ಜಿಲ್ಲೆಯಲ್ಲಿ. ಪೌರಾಣಿಕ ನಾಟಕಗಳಲ್ಲಿ ಪಾತ್ರ ಮಾಡುತ್ತಾ ಬೆಳೆದ ಹುಡುಗಿ. ಮೊದಲ ಸಿನಿಮಾ 1943ರ 'ವಾಣಿ', ನಾಟಕರಂಗದ ದೊಡ್ಡ ಹೆಸರಾದ ಕೆ. ಹಿರಣ್ಣಯ್ಯನವರದ್ದು. ಪಿಟೀಲು ಚೌಡಯ್ಯನವರೂ ಅದರಲ್ಲಿದ್ದರು. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ಬಂದಿದ್ದು 1934ರಲ್ಲಿ. ಅಂದರೆ ಕನ್ನಡ ಸಿನಿಮಾಕ್ಕೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ವರ್ಷಕ್ಕೆ ಬರುತ್ತಿದ್ದ ಕನ್ನಡ ಚಿತ್ರಗಳನ್ನ ಬೆರಳಲ್ಲಿ ಎಣಿಸಬಹುದಿತ್ತು, ಕೆಲವು ವರ್ಷ ಬೆರಳೂ ಬೇಕಾಗುತ್ತಿರಲಿಲ್ಲ. ಸಿನಿಮಾವನ್ನೇ ನಂಬಿ ಬದುಕಬೇಕು ಅಂದರೆ ಮದರಾಸಿಗೇ ಹೋಗಬೇಕು. ಸ್ಟುಡಿಯೋ ಅಲ್ಲಿ, ದುಡ್ಡು ಹಾಕುವವರು ಅಲ್ಲಿ, ಲ್ಯಾಬೂ ಅಲ್ಲಿ. ನಾವೆಲ್ಲ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಬಿದ್ದ ಹಾಗೆ ಅವರು ಮದರಾಸಿಗೆ ಹೋದರು.

1952ರ ದೀಪಾವಳಿಗೆ 'ಪರಾಶಕ್ತಿ' ಬಂತು. ಕೃಷ್ಣನ್-ಪಂಜು ನಿರ್ದೇಶನ, ಕರುಣಾನಿಧಿಯವರ ಸಂಭಾಷಣೆ. ತಮಿಳು ಸಿನಿಮಾದ ದಿಕ್ಕು ಬದಲಿಸಿದ ಚಿತ್ರಗಳಲ್ಲಿ ಒಂದು ಅಂತ ಅದನ್ನ ಎಲ್ಲರೂ ಹೇಳ್ತಾರೆ. ದೇವಸ್ಥಾನ, ಪೂಜಾರಿ, ಸಮಾಜ ಎಲ್ಲವನ್ನೂ ಪ್ರಶ್ನಿಸಿದ್ದಕ್ಕೆ ನಿಷೇಧಿಸಿ ಅನ್ನೋ ಕೂಗೂ ಎದ್ದಿತ್ತು. ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ ಅದು. ನಾಟಕದಿಂದ ಬಂದ ತೆಳ್ಳಗಿನ ಹುಡುಗ, ಇವನು ಬೇಡ ಅಂತ ಎ.ವಿ.ಎಂ. ಕಡೆಯಿಂದ ಆಕ್ಷೇಪ ಬಂದಿತ್ತು. ನಿರ್ಮಾಪಕ ಪಿ.ಎ. ಪೆರುಮಾಳ್ ಹಟ ಹಿಡಿದು ಉಳಿಸಿಕೊಂಡರು. ಆ ಹೊಸಬನ ಎದುರು ನಾಯಕಿಯಾಗಿ ನಿಂತವರು ಪಂಢರೀಬಾಯಿ. ಪಾತ್ರದ ಹೆಸರು ವಿಮಲಾ. ತನ್ನ ತಂಗಿಯ ಕಷ್ಟವೊಂದನ್ನೇ ನೆನೆದು ಕೊರಗುತ್ತಿರುವ ನಾಯಕನಿಗೆ, ದೇಶದಲ್ಲಿ ಕಷ್ಟದಲ್ಲಿರೋದು ನಿನ್ನ ತಂಗಿ ಒಬ್ಬಳೇನಾ ಅಂತ ಕಣ್ಣು ತೆರೆಸುವ ಹುಡುಗಿ. ಕೋರ್ಟಿನ ಆ ಉದ್ದದ ಡೈಲಾಗು ಶಿವಾಜಿಯವರದ್ದು, ಸರಿ. ಆದರೆ ಅವನಿಗೆ ಆ ದೊಡ್ಡ ನೋಟ ಕೊಟ್ಟವಳು ವಿಮಲಾ ಅನ್ನೋದನ್ನ ಎಷ್ಟು ಜನ ನೆನಪಿಸಿಕೊಳ್ತಾರೆ?

ಇನ್ನು 1954. ನನ್ನ ಪ್ರಕಾರ ಅದು ಪಂಢರೀಬಾಯಿಯವರ ವರ್ಷ.

ಆ ವರ್ಷ ಕನ್ನಡದಲ್ಲಿ 'ಬೇಡರ ಕಣ್ಣಪ್ಪ'. ಗುಬ್ಬಿ ವೀರಣ್ಣನವರ ಸಂಸ್ಥೆ ಎ.ವಿ.ಎಂ. ಜೊತೆ ಸೇರಿ ಮಾಡಿದ ಚಿತ್ರ, ನಿರ್ದೇಶನ ಎಚ್.ಎಲ್.ಎನ್. ಸಿಂಹ. ಇದೇ ಸಿಂಹ ಅವರ 'ಗುಣಸಾಗರಿ'ಯಲ್ಲಿ ಪಂಢರೀಬಾಯಿ ಹಿಂದಿನ ವರ್ಷವೇ ನಟಿಸಿದ್ದರು. ನಾಟಕದ ಮುತ್ತುರಾಜ್ 'ರಾಜ್‌ಕುಮಾರ್' ಆಗಿದ್ದು ಈ ಚಿತ್ರದಿಂದ ಅಂತ ನಮಗೆಲ್ಲ ಬಾಯಿಪಾಠ. ನರಸಿಂಹರಾಜು, ಜಿ.ವಿ. ಅಯ್ಯರ್ ಹೆಸರು ಮಾಡಿದ್ದೂ ಇದರಿಂದಲೇ. ಆದರೆ ಆಗ ಸಿನಿಮಾದಲ್ಲಿ ಹತ್ತು ವರ್ಷದ ಅನುಭವ, ಎರಡು ಭಾಷೆಯಲ್ಲಿ ಹೆಸರು ಇದ್ದಿದ್ದು ನೀಲನ ಪಾತ್ರಧಾರಿಗೆ. ಹೊಸ ಹುಡುಗ ಅಂದರೆ ಅಣ್ಣಾವ್ರು!

ಇಲ್ಲೊಂದು ತಮಾಷೆ ನೋಡಿ. ನಾಯಕಿಯ ಊರು ಭಟ್ಕಳ ಆಗ ಮುಂಬಯಿ ರಾಜ್ಯದಲ್ಲಿ. ಜೊತೆ ನಿಂತ ಸಂಸ್ಥೆ ಮದರಾಸಿನದು. ಸಿನಿಮಾ ನೋಡಿದ ನಮ್ಮಜ್ಜಿ ಮೈಸೂರು ರಾಜ್ಯದಲ್ಲಿ. ನಾಯಕಿಯ ಊರೂ ನಮ್ಮಜ್ಜಿಯ ಊರೂ ಒಂದೇ ರಾಜ್ಯಕ್ಕೆ ಸೇರೋಕೆ 1956ರ ನವೆಂಬರ್ ಒಂದನೇ ತಾರೀಖಿನವರೆಗೂ ಕಾಯಬೇಕಿತ್ತು. ಏಕೀಕರಣಕ್ಕೆ ಮೊದಲೇ ಟೆಂಟಿನ ಪರದೆ ಮೇಲೆ ಒಂದು ಕರ್ನಾಟಕ ಇತ್ತು ಅನ್ನಿಸಲ್ವಾ?

ಅದೇ 1954ರಲ್ಲಿ ತಮಿಳಿನಲ್ಲಿ 'ಅಂದ ನಾಳ್'. ವೀಣೆಯ ಎಸ್. ಬಾಲಚಂದರ್ ನಿರ್ದೇಶನ. ಹಾಡಿಲ್ಲ, ಕುಣಿತ ಇಲ್ಲ. ಆ ಕಾಲಕ್ಕೆ ಇದು ಎಂಥಾ ಧೈರ್ಯ ಅಂತ ಯೋಚನೆ ಮಾಡಿ. 1943ರಲ್ಲಿ ಮದರಾಸಿನ ಮೇಲೆ ಜಪಾನಿನ ಬಾಂಬ್ ಬಿದ್ದ ಸಮಯ. ರಾಜನ್ ಅನ್ನೋ ರೇಡಿಯೋ ಎಂಜಿನಿಯರ್ ಗುಂಡೇಟಿಗೆ ಸತ್ತು ಬಿದ್ದಿದ್ದಾನೆ. ಕೊಂದವರು ಯಾರು? ಒಬ್ಬೊಬ್ಬರು ಒಂದೊಂದು ಕಥೆ ಹೇಳ್ತಾರೆ. (ಮುಂದಿನ ಎರಡು ಸಾಲಲ್ಲಿ ಗುಟ್ಟು ಬಿಚ್ಚಿಡ್ತೀನಿ, ನೋಡಿಲ್ಲದವರು ಹಾರಿಸಿಕೊಂಡು ಹೋಗಿ.) ರಾಜನ್ ದೇಶದ ಗುಟ್ಟನ್ನ ಶತ್ರುಗಳಿಗೆ ಮಾರುತ್ತಿದ್ದವನು, ಅದನ್ನ ಕಂಡುಹಿಡಿದವಳು ಅವನ ಹೆಂಡತಿ ಉಷಾ. ಅವನು ಸತ್ತಿದ್ದು ಅವಳ ಕೈಯಲ್ಲಿದ್ದ ಪಿಸ್ತೂಲಿನಿಂದಲೇ. ರಾಜನ್ ಆಗಿ ಶಿವಾಜಿ, ಉಷಾ ಆಗಿ ಪಂಢರೀಬಾಯಿ.

ಕಾಡಿನ ಬೇಡನ ಹೆಂಡತಿ ನೀಲ, ಕಾಲೇಜು ಓದಿದ ಉಷಾ. ಒಂದೇ ವರ್ಷ, ಒಬ್ಬರೇ ನಟಿ. ಗಂಡನೇ ದೇವರು ಅಂತ ಹೇಳಿಕೊಡುತ್ತಿದ್ದ ಕಾಲದ ಪರದೆ ಮೇಲೆ, ಗಂಡನಿಗಿಂತ ದೊಡ್ಡದು ಇನ್ನೊಂದಿದೆ ಅಂತ ಹೇಳಿದ ಹೆಂಡತಿ ಉಷಾ. ಎರಡನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಎರಡೂ ಚಿತ್ರಗಳಿಗೆ ಅರ್ಹತಾ ಪತ್ರ ಸಿಕ್ಕಿತು, ಒಂದಕ್ಕೆ ಕನ್ನಡದಲ್ಲಿ, ಇನ್ನೊಂದಕ್ಕೆ ತಮಿಳಿನಲ್ಲಿ.

ಬರೀ ನಟನೆಗೆ ಅವರು ನಿಲ್ಲಲಿಲ್ಲ. 'ಸಂತ ಸಖು' (1955), 'ರಾಯರ ಸೊಸೆ' (1957) ಹೀಗೆ ಕನ್ನಡ ಚಿತ್ರ ನಿರ್ಮಾಣಕ್ಕೂ ಕೈ ಹಾಕಿದರು. ತಮಿಳಿನಲ್ಲಿ ಕೈತುಂಬ ಕೆಲಸ ಇದ್ದಾಗ ಕನ್ನಡಕ್ಕೆ ದುಡ್ಡು ಹಾಕುವ ಹುಮ್ಮಸ್ಸು! ತಂಗಿ ಮೈನಾವತಿ ಕೂಡ ಚಿತ್ರರಂಗಕ್ಕೆ ಬಂದರು. 1959ರ 'ಅಬ್ಬಾ ಆ ಹುಡುಗಿ' ನೋಡಿದವರಿಗೆ ಮೈನಾವತಿಯವರ ಆ ಗಯ್ಯಾಳಿತನ ಮರೆಯೋದಿಲ್ಲ. ಅದೇ ವರ್ಷ ಅಕ್ಕ ಹಿಂದಿಯ 'ಪೈಗಾಮ್'ನಲ್ಲಿ ದಿಲೀಪ್ ಕುಮಾರ್, ವೈಜಯಂತಿಮಾಲಾ ಜೊತೆ ಇದ್ದರು.

ಈಗ ನನ್ನ ಮೊದಲ ಪ್ರಶ್ನೆಗೆ ಬರೋಣ. ಸಾಫ್ಟ್‌ವೇರ್‌ನವನ ಹಳೇ ಚಾಳಿ, ಒಂದು ಎಕ್ಸೆಲ್ ಶೀಟ್ ತೆಗೆದು ಬರೆದುಕೊಂಡೆ. ಯಾವ ಹೀರೋಗೆ ಯಾವ ವರ್ಷ ಏನಾಗಿದ್ದರು ಅಂತ:

- ಶಿವಾಜಿ: 1952ರಲ್ಲಿ ಪ್ರೇಯಸಿ ('ಪರಾಶಕ್ತಿ'), 1953ರಲ್ಲಿ ಸಹೋದರಿ ('ತಿರುಂಬಿ ಪಾರ್'), 1954ರಲ್ಲಿ ಹೆಂಡತಿ ('ಅಂದ ನಾಳ್'), 1969ರಲ್ಲಿ ಹೆಂಡತಿಯೂ ಹೌದು ತಾಯಿಯೂ ಹೌದು ('ದೈವ ಮಗನ್'), 1973ರಲ್ಲಿ ಮತ್ತೆ ಹೆಂಡತಿ ('ಗೌರವಂ')
- ಎಂ.ಜಿ.ಆರ್.: 1965ರಲ್ಲಿ ಅಕ್ಕ ('ಎಂಗ ವೀಟ್ಟು ಪಿಳ್ಳೈ'), 1968ರಲ್ಲಿ ತಾಯಿ ('ಕುಡಿಯಿರುಂದ ಕೋಯಿಲ್')
- ರಾಜ್‌ಕುಮಾರ್: 1954ರಲ್ಲಿ ಹೆಂಡತಿ ('ಬೇಡರ ಕಣ್ಣಪ್ಪ'), 1965ರಲ್ಲಿ ಹೆಂಡತಿ ('ಸತ್ಯ ಹರಿಶ್ಚಂದ್ರ'), 1986ರಲ್ಲಿ ತಾಯಿ ('ಅನುರಾಗ ಅರಳಿತು')

ಈ ಶೀಟಿನಲ್ಲಿ ಬಗ್ ಎಲ್ಲಿದೆ ಅಂತ ಹುಡುಕೋದೇ ಬೇಡ, ಕಣ್ಣಿಗೇ ಹೊಡೆಯುತ್ತೆ. ಎಂ.ಜಿ.ಆರ್. ಹುಟ್ಟಿದ್ದು 1917ರಲ್ಲಿ. 1968ರಲ್ಲಿ ಅವರಿಗೆ ಐವತ್ತೊಂದು. ಅವರ ತಾಯಿಯಾಗಿದ್ದ ಪಂಢರೀಬಾಯಿ ಅವರಿಗಿಂತ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು! ಶಿವಾಜಿ, ಅಣ್ಣಾವ್ರಿಬ್ಬರೂ ಹೆಚ್ಚೂ ಕಡಿಮೆ ಅವರ ಓರಗೆಯವರು. 'ದೈವ ಮಗನ್'ನಲ್ಲಂತೂ ಶಿವಾಜಿಗೆ ಮೂರು ಪಾತ್ರ. ಅಪ್ಪ ಶಿವಾಜಿಗೆ ಇವರು ಹೆಂಡತಿ, ಮಕ್ಕಳಾದ ಇಬ್ಬರು ಶಿವಾಜಿಗಳಿಗೆ ತಾಯಿ. ಶಿವಾಜಿ ಅಪ್ಪನೂ ಆಗಬಹುದು, ಇಪ್ಪತ್ತರ ಹುಡುಗನೂ ಆಗಿ ಜಯಲಲಿತಾ ಜೊತೆ ಹಾಡಬಹುದು. ಪಂಢರೀಬಾಯಿಗೆ ಮಾತ್ರ ಇದ್ದಿದ್ದು ಒಂದೇ ವಯಸ್ಸು. ಆ ಚಿತ್ರ ಭಾರತದಿಂದ ಆಸ್ಕರ್‌ಗೆ ಹೋದ ದಕ್ಷಿಣದ ಮೊದಲ ಚಿತ್ರ ಅಂತ ಹೆಮ್ಮೆ ಪಡುವಾಗ ಈ ಲೆಕ್ಕವನ್ನೂ ಸ್ವಲ್ಪ ನೆನೆಯಬೇಕು.

ಅಮ್ಮನ ಪಾತ್ರ ಕೀಳು ಅಂತ ನಾನು ಹೇಳ್ತಿಲ್ಲ. 'ಸತ್ಯ ಹರಿಶ್ಚಂದ್ರ'ದ ಚಂದ್ರಮತಿಯೂ ಒಬ್ಬ ತಾಯಿಯೇ. ಸತ್ತ ಮಗನನ್ನ ಸ್ಮಶಾನಕ್ಕೆ ಹೊತ್ತು ತಂದ ಹೆಂಡತಿಯನ್ನೇ ಹರಿಶ್ಚಂದ್ರ ಸುಂಕ ಕೇಳುವ ದೃಶ್ಯ ಇದೆಯಲ್ಲ, ಅದರಲ್ಲಿ ಅಣ್ಣಾವ್ರಷ್ಟೇ ಗಟ್ಟಿಯಾಗಿ ನಿಲ್ಲೋದು ಅವರು. 2008ರಲ್ಲಿ ಆ ಚಿತ್ರಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಬಣ್ಣ ಇರಲಿ ಬಿಡಲಿ, ಅಲ್ಲಿ ಗಂಟಲು ಕಟ್ಟದವರು ನನಗೆ ಸಿಕ್ಕಿಲ್ಲ. ನಾಯಕಿಯ ದಿನ ಮುಗಿದ ಮೇಲೂ ಅವರು ದಶಕಗಳ ಕಾಲ ದುಡಿದಿದ್ದು ಈ ತಾಯಿ ಪಾತ್ರಗಳಿಂದಲೇ. ನನ್ನ ತಕರಾರು ಇಷ್ಟೇ. ಹೀರೋಗಳ ವಯಸ್ಸನ್ನ ನಿಲ್ಲಿಸೋಕೆ ಅಂತ ನಾಯಕಿಯರ ವಯಸ್ಸನ್ನ ಓಡಿಸಿದರು. ಆಮೇಲೆ ಹುಟ್ಟಿದ ನಮಗೆ ಬೆಳ್ಳಿಕೂದಲಿನ, ಕೆಮ್ಮುವ, ಮಗನಿಗೆ ಮದುವೆ ಮಾಡಬೇಕು ಅನ್ನುವ ಅಮ್ಮ ಮಾತ್ರ ಸಿಕ್ಕಳು. ವಿಮಲಾ ಸಿಗಲಿಲ್ಲ, ಉಷಾ ಸಿಗಲಿಲ್ಲ.

ಪಂಢರೀಬಾಯಿ ತೀರಿಕೊಂಡಿದ್ದು 2003ರ ಜನವರಿ 29ರಂದು, ಚೆನ್ನೈನಲ್ಲಿ. ಮೈನಾವತಿಯವರೂ 2012ರಲ್ಲಿ ಹೋದರು.

ಮೊನ್ನೆ ರಾತ್ರಿ ರೂಂಮೇಟ್‌ನನ್ನ ಕೂರಿಸಿಕೊಂಡು 'ಅಂದ ನಾಳ್' ಹಾಕಿದೆ. ತಮಿಳಿನವನಾದರೂ ಅವನು ಅದನ್ನ ನೋಡಿರಲಿಲ್ಲ! ಅವನು ಅರ್ಥ ಹೇಳುತ್ತಾ ಹೋದ, ನಾನು ಕೇಳುತ್ತಾ ಹೋದೆ. ಕೊನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಚ್ಚಾ, ರಜನಿಯ ಅಮ್ಮ ಇಷ್ಟೆಲ್ಲಾ ಮಾಡಿದ್ರಾ?" ಅಂದ. ಅವರು ಯಾರವರು ಅನ್ನೋ ಜಗಳವನ್ನ ಇಬ್ಬರೂ ಮತ್ತೆ ಎತ್ತಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪ್ ತಗೊಂಡು ಹೋಗಿ ಅಜ್ಜಿಗೆ 'ಬೇಡರ ಕಣ್ಣಪ್ಪ' ತೋರಿಸಬೇಕು ಅಂತಿದೀನಿ. ಕಣ್ಣು ಕೀಳುವ ಸೀನ್ ಬಂದಾಗ ಈ ಸಲ ಮುಖ ಮುಚ್ಚಿಕೊಳ್ಳದೆ ನೋಡ್ತಾರಾ ಅಂತ ಕುತೂಹಲ.

ಅಂದ ಹಾಗೆ, ನೀವು ಮೊದಲು ನೋಡಿದ್ದು ಯಾವ ಪಂಢರೀಬಾಯಿಯನ್ನ? ನೀಲನನ್ನೋ, ಚಂದ್ರಮತಿಯನ್ನೋ, ಇಲ್ಲಾ ನನ್ನ ಹಾಗೆ ಅಮ್ಮನನ್ನೋ? ಮನೆಯಲ್ಲಿ ಅಜ್ಜಿ ಇದ್ದರೆ ಒಂದು ಮಾತು ಕೇಳಿ ನೋಡಿ.